ಮೃತರ ಚಿಕಿತ್ಸೆಯ ಋಣ: ಮಿತಾಕ್ಷರೆಯಿಂದ ಇಂದಿನವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕಾಯಿಲೆ ಉಲ್ಬಣಿಸಿದವರನ್ನು ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ಒಯ್ಯುವುದುಂಟು. ಅಲ್ಲಿನ ನರ್ಸಿಂಗ್ ಹೋಮಿನಲ್ಲಿ ರೋಗಿಯು ತೀರಿಕೊಂಡರೆ ದುಃಖದೊಡನೆ ಬಿಲ್ಲೂ ಮನೆಯವರ ಕೈಸೇರುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬನು ತಂದೆಯು ಮಡಿದ ರಾತ್ರಿ ಇಂತಹ ಬಾಕಿಯನ್ನು ತಾನೇ ತೀರಿಸುವೆನೆಂಬ ಕಾಗದಕ್ಕೆ ಓದದೆಯೇ ರುಜು ಹಾಕಿದನು. ಆ ವರ್ಷ ಅವನು ಪರೀಕ್ಷೆಗೆ ಕೂಡಲಿಲ್ಲ, ಕೂಲಿಗೆ ನಿಂತನು. ತಂದೆಯ ಸಾಲವು ಮಗನ ತಲೆಗೇ ಬರುವುದೆಂಬ ನಂಬಿಕೆಯೇ ಅವನಿಂದ ರುಜು ಹಾಕಿಸಿತೆಂದು ನಾವು ಬಗೆಯುತ್ತೇವೆ. ಆ ನಂಬಿಕೆಗೆ ಎಷ್ಟು ಆಧಾರವುಂಟೆಂಬುದನ್ನು ಇಲ್ಲಿ ವಿಚಾರಿಸಬಹುದು.

ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರ ದೇಗುಲದ ಶಾಸನಗಳು ಈ ಸೀಮೆಯು ಕಲ್ಯಾಣದ ಚಾಳುಕ್ಯರ ಆಳ್ವಿಕೆಗೆ ಸೇರಿದ್ದುದನ್ನು ತಿಳಿಸುತ್ತವೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಆ ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ತಂದೆಯು ಸತ್ತರೆ, ದೂರದೇಶಕ್ಕೆ ಹೋದರೆ, ಇಲ್ಲವೆ ವಾಸಿಯಾಗದ ವ್ಯಾಧಿಗೆ ಸಿಲುಕಿದರೆ ಪುತ್ರಪೌತ್ರರು ಸಾಲ ತೀರಿಸಬೇಕೆಂದು ಅಲ್ಲಿ ಹೇಳಿರುವುದು ನಿಜ. ಮದ್ಯಕ್ಕಾಗಿ, ಜೂಜಿಗಾಗಿ ಮಾಡಿದ ಸಾಲಗಳಿಗೆ ವಿನಾಯಿತಿಯುಂಟು. ಆದರೆ ವಾಚಕರು ಮುಖ್ಯವಾಗಿ ಗಮನಿಸಬೇಕಾದುದು ಹೊಣೆಯ ಅನುಕ್ರಮವನ್ನು: ಋಣವನ್ನು ಮೊದಲು ತೀರಿಸಬೇಕಾದವನು ಮೃತನ ಆಸ್ತಿಯನ್ನು ಪಡೆದವನು, ಮಗನೆಂಬ ಮಾತ್ರಕ್ಕೆ ಬರುವ ಹೊಣೆಯು ತರುವಾಯದ್ದು. ಜನರು ಎರಡನೆಯದನ್ನು ನೆನಪಿನಲ್ಲಿಟ್ಟು ಮೊದಲನೆಯದನ್ನು ಮರೆತರು.

ಆಂಗ್ಲರ ಕಾಲದಲ್ಲಿ ಈ ತಾಲ್ಲೂಕುಗಳ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನವನ್ನು ಕೂಡಿತು. ತುಂಗಭದ್ರೆಯ ಆಚೆಯ ಧಾರವಾಡ ಸೀಮೆಯಲ್ಲಿ ಮುಂಬಯಿ ಸರ್ಕಾರವು 1866ರಷ್ಟು ಹಿಂದೆಯೇ ಕಾನೂನು ಮಾಡಿ, ವಾರಸುದಾರನ ಹೊಣೆಯು ಅವನಿಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರವೆಂದು ವಿಧಿಸಿತ್ತು.

ಇಂದು ಇಡೀ ದೇಶದಲ್ಲಿ ಸ್ಥಿತಿಯು ಸ್ಪಷ್ಟವಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 52ನೆಯ ಪ್ರಕರಣದಂತೆ ಮೃತನ ಸಾಲದ ಡಿಕ್ರಿಯನ್ನು ಅವನ ಆಸ್ತಿಯಿಂದ ವಸೂಲು ಮಾಡಬೇಕು. ಕೈಗೆ ಬಂದ ಆಸ್ತಿಯನ್ನು ವಾರಸುದಾರನು ಬೇರೆಡೆಗೆ ವಿನಿಯೋಗಿಸಿದ್ದರೆ ಮಾತ್ರ ಅಷ್ಟರ ಮಟ್ಟಿಗೆ ಅವನೇ ಹೊಣೆ. ಪುತ್ರಧರ್ಮದ ಕಾರಣದಿಂದಲೇ ಮಗನ ಮೇಲೆ ಸಾಲ ಹೊರಿಸುವುದನ್ನು, ತರುವಾಯದ ಸಾಲಗಳ ಮಟ್ಟಿಗೆ, ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯು ನಿಲ್ಲಿಸಿತು.

ಹಾಗೆಂದು ಆಸ್ಪತ್ರೆಯ ಹಕ್ಕು ಹುಸಿಯಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 320ನೆಯ ಪ್ರಕರಣವು, ಮೃತನ ಆಸ್ತಿಯನ್ನು ನಿರ್ವಹಿಸುವವನು ಉಚಿತವಾದ ಅಂತ್ಯಕ್ರಿಯೆಯ ವೆಚ್ಚವನ್ನೂ, ವೈದ್ಯರ ಶುಲ್ಕವೂ ಸೇರಿದಂತೆ ಮರಣಶಯ್ಯೆಯ ಖರ್ಚನ್ನೂ, ಕಡೆಯ ಒಂದು ತಿಂಗಳ ಊಟವಸತಿಯನ್ನೂ ಉಳಿದೆಲ್ಲ ಸಾಲಗಳಿಗಿಂತ ಮೊದಲು ಸಲ್ಲಿಸಬೇಕೆನ್ನುತ್ತದೆ. ಸಾಹುಕಾರನಿಗಿಂತ ವೈದ್ಯನು ಮುಂದೆ! ಇದು ನ್ಯಾಯವೆಂದೇ ನಮ್ಮ ಮತ.

ತೊಡಕಿರುವುದು ರುಜುವಿನಲ್ಲಿ. ರೋಗಿಯನ್ನು ಸೇರಿಸುವಾಗಲೋ ಮರಣಾನಂತರವೋ ಹಣಕ್ಕೆ ತಾನೇ ಜಾಮೀನೆಂದು ಒಬ್ಬನು ಬರೆದುಕೊಟ್ಟರೆ, 1872ರ ಕರಾರು ಅಧಿನಿಯಮದ ಪ್ರಕಾರ ಅದು ಅವನ ಸ್ವಂತ ಹೊಣೆಯಾಗಬಹುದು. ಆಸ್ತಿ ಬಂದಿತೇ ಇಲ್ಲವೇ ಎಂಬ ಪ್ರಶ್ನೆಯು ಅಲ್ಲಿ ಏಳುವುದಿಲ್ಲ. ಆದುದರಿಂದ ಕಾಗದವು ಶವವನ್ನು ಪಡೆದುದಕ್ಕೆ ರಸೀದಿಯೋ ಸಾಲದ ಒಪ್ಪಿಗೆಯೋ ಎಂದು ಓದಿ ನೋಡಬೇಕು. ಬಾಕಿಯ ನೆಪದಿಂದ ಶವವನ್ನು ತಡೆದಿಡುವುದಕ್ಕೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವು, 2017ರಲ್ಲಿ ತಿದ್ದುಪಡಿಯಾದಂತೆ, ಅವಕಾಶ ಕೊಡುವುದಿಲ್ಲ. ಹಣವನ್ನು ಆಮೇಲೆ ಕೇಳಬಹುದು. ದಿನವಾರು ವಿವರವುಳ್ಳ ಬಿಲ್ಲನ್ನು ಮೃತನ ಹೆಸರಿನಲ್ಲಿ ಕೇಳಿ ಪಡೆದು, ಮುಂಗಡ ಕಟ್ಟಿದ ರಸೀದಿಗಳೊಡನೆ ತಾಳೆ ನೋಡುವುದು ಲೇಸು. ತರುವಾಯ ನಾಡಕಚೇರಿಯಿಂದ ವಂಶವೃಕ್ಷವನ್ನು ಪಡೆದು, ಬ್ಯಾಂಕಿನಲ್ಲಿ ಮೃತನ ಹೆಸರಿನಲ್ಲಿರುವ ಹಣವನ್ನು ಬಿಡಿಸಿಕೊಂಡು, ಹಂಚಿಕೊಳ್ಳುವುದಕ್ಕೆ ಮೊದಲೇ ಅದರಿಂದ ಬಾಕಿಯನ್ನು ಸಲ್ಲಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು.