ಕ್ರೊಯೇಷ್ಯಾದಿಂದ ಬೇಗನೆ ಮರಳಿದ ಡಿಫೆಂಡರ್

ಗಲ್ಫ್‌ಗೆ ಹೋದ ಹುಡುಗ ಐದೇ ತಿಂಗಳಲ್ಲಿ ಮನೆಗೆ ಬಂದರೆ ನಮ್ಮವರ ಬಾಯಲ್ಲಿ ಬರುವ ಮೊದಲ ಮಾತು, "ಎಂಥ, ಇಷ್ಟು ಬೇಗ?" ಉಮ್ಮ ಮಾತ್ರ "ಊಟ ಆಯ್ತಾ ಮೋನೆ" ಎಂದು ಕೇಳುತ್ತಾರೆ. ಉಳಿದವರಿಗೆಲ್ಲ ವೀಸಾದ್ದೇ ಚಿಂತೆ, ಸಂಬಳದ್ದೇ ಲೆಕ್ಕ. ಕರಾವಳಿಯಿಂದ ಬಂದು ಬೆಂಗಳೂರಿನ ಗಿರಿನಗರದಲ್ಲಿ ಮನೆ ಮಾಡಿರುವ ನಾವು ಈ ಪ್ರಶ್ನೆಯನ್ನು ಕೇಳಿದವರೂ ಹೌದು, ಕೇಳಿಸಿಕೊಂಡವರೂ ಹೌದು. ಆದ್ದರಿಂದಲೋ ಏನೋ, ಫುಟ್ಬಾಲ್ ಆಟಗಾರ ಸಂದೇಶ್ ಜಿಂಗಾನ್ ಅವರ ಕಥೆ ನಮಗೆ ನಮ್ಮದೇ ಮನೆಯ ಕಥೆಯ ಹಾಗೆ ಕಾಣುತ್ತದೆ.

ಜಿಂಗಾನ್ ಹುಟ್ಟಿದ್ದು 1993ರಲ್ಲಿ, ಚಂಡೀಗಢದಲ್ಲಿ. ಆಡುವುದು ಡಿಫೆನ್ಸ್‌ನ ನಡುವಿನಲ್ಲಿ, ಅಂದರೆ ಗೋಲ್‌ಕೀಪರ್ ಎದುರಿಗೆ ಗೋಡೆಯಾಗಿ ನಿಲ್ಲುವ ಕೆಲಸ. ಯುನೈಟೆಡ್ ಸಿಕ್ಕಿಂ ತಂಡದಿಂದ ಹೊರಟು 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಸೇರಿದರು. ಐಎಸ್‌ಎಲ್‌ನ ಆ ಮೊದಲ ಋತುವಿನಲ್ಲೇ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಮರುವರ್ಷ ಭಾರತ ತಂಡಕ್ಕೂ ಬಂದರು. 2019ರ ಅಕ್ಟೋಬರಿನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದು ಇಡೀ ಋತು ಹೊರಗೆ ಕೂರಬೇಕಾಯಿತು. ಆದರೂ ಕೋಲ್ಕತ್ತದ ತಂಡ ಸೇರಿ ಎದ್ದು ನಿಂತರು. 2020ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು.

2021ರ ಆಗಸ್ಟ್‌ನಲ್ಲಿ ದೊಡ್ಡ ಬಾಗಿಲು ತೆರೆಯಿತು. ಆಗ ಕ್ರೊಯೇಷ್ಯಾದ ಮೊದಲ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ ಶಿಬೆನಿಕ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಶಿಬೆನಿಕ್ ಕೂಡ ನಮ್ಮ ಮಂಗಳೂರಿನ ಹಾಗೆ ಕಡಲ ತೀರದ ಊರು. ಅಲ್ಲಿರುವುದು ಏಡ್ರಿಯಾಟಿಕ್ ಸಮುದ್ರ. 2018ರ ವಿಶ್ವಕಪ್ ಫೈನಲ್ ಆಡಿದ ದೇಶದಲ್ಲಿ ಭಾರತದ ಒಬ್ಬ ಡಿಫೆಂಡರ್‌ಗೆ ಜಾಗ ಸಿಕ್ಕಿದ್ದು ಸಣ್ಣ ವಿಷಯವಲ್ಲ. ಆಗ ಅವರಿಗೆ 28 ವರ್ಷ. ಸ್ವದೇಶದಲ್ಲಿ ಹೆಸರು, ಹಣ ಎರಡೂ ಇದ್ದವು. ಎಲ್ಲ ಬಿಟ್ಟು ಹೊಸಬನಾಗಿ ಶುರು ಮಾಡಲು ಹೊರಟರು.

ಆದರೆ ಪಂದ್ಯಕ್ಕೆ ಇಳಿಯುವ ಮೊದಲೇ ಕಾಲಿಗೆ ಗಾಯವಾಯಿತು. ಚೇತರಿಸಿಕೊಳ್ಳುವಷ್ಟರಲ್ಲಿ ತಿಂಗಳುಗಳು ಕಳೆದವು. ಕೊನೆಗೆ ಕ್ಲಬ್‌ಗೆ ಒಂದೇ ಒಂದು ಅಧಿಕೃತ ಪಂದ್ಯವನ್ನೂ ಆಡದೆ 2022ರ ಜನವರಿಯಲ್ಲಿ ಕೋಲ್ಕತ್ತದ ತಂಡಕ್ಕೇ ಮರಳಿದರು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಐದು ತಿಂಗಳು. ಪಂದ್ಯ ಸೊನ್ನೆ. ದಾಖಲೆ ಪುಸ್ತಕ ನೋಡುವವನಿಗೆ ಕಾಣುವುದು ಆ ಸೊನ್ನೆ ಮಾತ್ರ.

ಅಲ್ಲಿಗೆ ಮುಗಿಯಿತು ಎಂದುಕೊಂಡವರು ಇರಬಹುದು. ಮುಂದೆ ಆದದ್ದು ಬೇರೆ. ಅದೇ ವರ್ಷ ಜೂನ್‌ನಲ್ಲಿ ಭಾರತ ಏಷ್ಯಾಕಪ್‌ಗೆ ಅರ್ಹತೆ ಪಡೆದಾಗ ಡಿಫೆನ್ಸ್‌ನಲ್ಲಿ ಇದ್ದದ್ದು ಇದೇ ಜಿಂಗಾನ್. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಸೇರಿದರು. ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಬೆಂಗಳೂರು ಡುರಾಂಡ್ ಕಪ್ ಗೆದ್ದಿತು. 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್‌ಗೂ ಹೋಗಿ ಪೆನಾಲ್ಟಿಯಲ್ಲಿ ಸೋತಿತು.

ನಮ್ಮ ಮನೆಯ ಹುಡುಗರು ಮರೆಯದ ರಾತ್ರಿ 2023ರ ಜುಲೈ 4. ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಮೈಸೂರು ರಸ್ತೆಯಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಕಂಠೀರವ ಕ್ರೀಡಾಂಗಣಕ್ಕೆ ನಡೆದದ್ದು. ಎದುರಾಳಿ ಕುವೈತ್. ನಮ್ಮವರು ಎಷ್ಟೋ ಮಂದಿ ಅನ್ನ ದುಡಿಯುತ್ತಿರುವ ದೇಶ ಅದು. ಹಾಗಾಗಿ ಅಲ್ಲಿರುವ ಸಂಬಂಧಿಕರಿಗೂ ಇಲ್ಲಿನ ಹುಡುಗರಿಗೂ ಫೋನಿನಲ್ಲಿ ತಮಾಷೆಯ ಜಗಳ ಬೇರೆ. ಆಟ 1-1ರಲ್ಲಿ ನಿಂತಿತು. ಪೆನಾಲ್ಟಿಗೆ ಹೋಯಿತು. ಗೋಲು ತಡೆಯುವುದೇ ಕಸುಬಾಗಿರುವ ಜಿಂಗಾನ್ ಕೂಡ ಚೆಂಡು ಇಟ್ಟು ಒದ್ದು ಗೋಲು ಹೊಡೆದರು. ಕೊನೆಯಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಚೆಂಡು ತಡೆದರು. ಭಾರತ 5-4ರಿಂದ ಗೆದ್ದಿತು. ಕ್ರೊಯೇಷ್ಯಾದಿಂದ ಬರಿಗೈಯಲ್ಲಿ ಬಂದು ಒಂದೂವರೆ ವರ್ಷ ಆಗಿತ್ತು ಅಷ್ಟೆ.

ಪರದೇಶದ ಮೈದಾನ ಬೆಂಗಳೂರಿಗೆ ಹೊಸತೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಆಡಿದ್ದರು. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ರಾಮನ್ ಇದ್ದರು. ಫ್ರಾನ್ಸ್ ವಿರುದ್ಧ ಗೋಲು ಹೊಡೆದದ್ದು ರಾಮನ್. ಎರಡು ಪೆನಾಲ್ಟಿ ಕೈತಪ್ಪಿ ಭಾರತ 2-1ರಿಂದ ಸೋತಿತು. ಒಂದೇ ಪಂದ್ಯಕ್ಕೆ ಅವರ ಒಲಿಂಪಿಕ್ಸ್ ಮುಗಿದು ಹೋಯಿತು. ಆದರೆ ಅಹ್ಮದ್ ಖಾನ್ ವಾಪಸ್ ಬಂದು ಈಸ್ಟ್ ಬೆಂಗಾಲ್‌ನಲ್ಲಿ ಹತ್ತು ವರ್ಷ ಮೆರೆದರು.

ಜಿಂಗಾನ್ ಅವರಿಗೆ ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಕತಾರ್‌ನ ಏಷ್ಯಾಕಪ್‌ನಲ್ಲಿ ಸಿರಿಯಾ ವಿರುದ್ಧ ಆಡುವಾಗ ಮತ್ತೆ ಮೊಣಕಾಲಿಗೆ ಗಾಯ. ಮತ್ತೆ ತಿಂಗಳುಗಟ್ಟಲೆ ಹೊರಗೆ. ಮತ್ತೆ ಬಂದರು. 2025ರ ಆಗಸ್ಟ್‌ನಲ್ಲಿ ತಜಿಕಿಸ್ತಾನವನ್ನು ಅವರ ನೆಲದಲ್ಲೇ ಭಾರತ 2-1ರಿಂದ ಸೋಲಿಸಿದಾಗ ಒಂದು ಗೋಲು ಜಿಂಗಾನ್ ಅವರದ್ದು.

ಈಗ ನಮ್ಮ ಹುಡುಗರ ಬಾಯಲ್ಲೂ ಯುರೋಪ್, ಗಲ್ಫ್ ಕ್ಲಬ್‌ಗಳ ಹೆಸರು ಉಂಟು. ಆಸೆ ಒಳ್ಳೆಯದೇ. ಆದರೆ ತಂದೆ ತಾಯಂದಿರು ಕೆಲವು ವಿಷಯ ತಿಳಿದಿರಬೇಕು. 18 ವರ್ಷ ತುಂಬದವರು ದೇಶ ಬದಲಿಸಿ ಕ್ಲಬ್ ಸೇರುವುದಕ್ಕೆ ಫಿಫಾ ನಿಯಮದಲ್ಲಿ ಕೆಲವೇ ವಿನಾಯಿತಿಗಳಿವೆ. ದೊಡ್ಡವರಾದರೂ ಇಲ್ಲಿನ ಫುಟ್ಬಾಲ್ ಸಂಸ್ಥೆಯಿಂದ ಅಲ್ಲಿನ ಸಂಸ್ಥೆಗೆ ವರ್ಗಾವಣೆ ಪ್ರಮಾಣಪತ್ರ ಹೋಗಬೇಕು. ಏಜೆಂಟ್ ಎಂದು ಹೇಳಿಕೊಳ್ಳುವವನ ಬಳಿ ಫಿಫಾ ಪರವಾನಗಿ ಇರಬೇಕು. "ಟ್ರಯಲ್ ಮಾಡಿಸ್ತೇನೆ, ಮೊದಲು ದುಡ್ಡು ಕೊಡಿ" ಎನ್ನುವವನ ಮಾತಿಗೆ ಉಮ್ಮನ ಬಳೆ ಅಡವಿಡಬೇಡಿ. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದ್ದು, ಆ ತಿಂಗಳುಗಳ ಸಂಬಳ ಸಿಗುತ್ತದಾ ಎಂಬುದು ಒಪ್ಪಂದದಲ್ಲಿ ಬರೆದಿರಲಿ. ಜೊತೆಗೆ ಓದು ಕೈಬಿಡದಿರಲಿ.

ಇಷ್ಟೆಲ್ಲ ನೋಡಿಕೊಂಡು ಹೋದವನೂ ಬೇಗ ಮರಳಬಹುದು. ಫುಟ್ಬಾಲ್‌ಗೆ ಹೋದವನು ಇರಲಿ, ಅಂಗಡಿ ಕೆಲಸಕ್ಕೆ ಹೋದವನು ಇರಲಿ, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಾಗ "ಎಂಥ, ಇಷ್ಟು ಬೇಗ?" ಎನ್ನುವ ಮಾತನ್ನು ಸ್ವಲ್ಪ ತಡೆದುಕೊಳ್ಳೋಣ. ಮೊದಲು ಊಟ ಬಡಿಸೋಣ. ಆಮೇಲೆ, ಕಾಲು ನೋವು ಹೇಗುಂಟು ಎಂದು ಕೇಳೋಣ.