ಒಂದು ಕ್ಯಾರಟ್ಟಿನ ಉಂಗುರ

ಪಾಲಹಳ್ಳಿಯಲ್ಲಿ ಕಬ್ಬು ಬೆಳೆಯುವ ಮಿತ್ರರೊಬ್ಬರ ಮಗನಿಗೆ ಹೆಣ್ಣು ಗೊತ್ತಾಯಿತು. ಹುಡುಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ನಿಶ್ಚಿತಾರ್ಥಕ್ಕೆ ಹುಡುಗಿಯ ಬೆರಳಿಗೆ ಚಿನ್ನದ ಉಂಗುರ ಸಾಲದು, ವಜ್ರದ್ದೇ ಆಗಬೇಕು, ಅದೂ ಒಂದು ಕ್ಯಾರಟ್ ಇರಬೇಕು ಎಂಬುದು ಅವನ ಹಟ. ವೀಳ್ಯಶಾಸ್ತ್ರವೆಂದರೆ ಎಲೆ ಅಡಿಕೆ, ಹೂವು ಹಣ್ಣು, ಒಂದು ಸೀರೆ, ನಾಲ್ಕು ಜನ ಹಿರಿಯರ ಮಾತು ಎಂಬ ಕಾಲವನ್ನು ಕಂಡವರು ಮಿತ್ರರು. ಉಂಗುರ ಬದಲಾಯಿಸುವ ಪದ್ಧತಿ ಈ ಕಡೆಯ ಹಳ್ಳಿಗಳಿಗೆ ಬಂದದ್ದು ಈಚೆಗೆ. ಆ ಉಂಗುರಕ್ಕೆ ವಜ್ರ ಬಂದದ್ದು ಇನ್ನೂ ಈಚೆಗೆ. ಮೈಸೂರಿನ ಒಂದೆರಡು ಅಂಗಡಿಗಳನ್ನು ಹತ್ತಿಳಿದು ಬಂದ ಅವರು ನನ್ನ ಮುಂದಿಟ್ಟ ಪ್ರಶ್ನೆ ಇದು: ‘ಚಿನ್ನಕ್ಕೆ ಇಪ್ಪತ್ತೆರಡು ಕ್ಯಾರಟ್ಟು ಅಂತಾರೆ. ವಜ್ರದಲ್ಲಿ ಒಂದೇ ಕ್ಯಾರಟ್ಟಿಗೆ ಲಕ್ಷಗಟ್ಲೆ ಕೇಳ್ತಾವ್ರೆ. ಇದ್ಯಾವ ಲೆಕ್ಕ ಸಾ?’

ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಒಂದೇ ಮಾತು ಒಂದೇ ಅಂಗಡಿಯಲ್ಲಿ ಎರಡು ಬೇರೆ ಸಂಗತಿಗಳನ್ನು ಹೇಳುತ್ತಿದ್ದರೆ ಗ್ರಾಹಕ ಗೊಂದಲಕ್ಕೆ ಬೀಳದೆ ಇನ್ನೇನಾದಾನು? ಚಿನ್ನದ ಕ್ಯಾರಟ್ ಎಂದರೆ ಶುದ್ಧತೆ. ಇಪ್ಪತ್ನಾಲ್ಕು ಭಾಗಗಳಲ್ಲಿ ಇಪ್ಪತ್ತೆರಡು ಭಾಗ ಚಿನ್ನವಾಗಿದ್ದರೆ ಅದು 22 ಕ್ಯಾರಟ್. ವಜ್ರದ ಕ್ಯಾರಟ್ ಎಂದರೆ ಬರಿಯ ತೂಕ. ಎರಡರ ಮೂಲವೂ ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಕ್ಯಾರೊಬ್ ಎಂಬ ಮರದ ಬೀಜ. ರೋಮನ್ ಸಾಮ್ರಾಜ್ಯದ ಸಾಲಿಡಸ್ ಎಂಬ ಚಿನ್ನದ ನಾಣ್ಯ ಇಂಥ ಇಪ್ಪತ್ನಾಲ್ಕು ಬೀಜಗಳ ತೂಕದ್ದೆಂದು ಎಣಿಕೆ. ಅಪ್ಪಟ ಚಿನ್ನಕ್ಕೆ ಇಪ್ಪತ್ನಾಲ್ಕರ ಲೆಕ್ಕ ಬಂದದ್ದು ಹಾಗೆ. ಬೀಜಗಳೆಲ್ಲ ಸಮತೂಕದವು ಎಂಬ ನಂಬಿಕೆಯನ್ನು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರೀಕ್ಷಿಸಿ, ಬೇರೆ ಮರಗಳ ಬೀಜಗಳಂತೆ ಇವೂ ಹೆಚ್ಚುಕಡಿಮೆ ತೂಗುತ್ತವೆಂದು ಹೇಳಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಕೂತಿದ್ದ ನಾಡಿನವರಾದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಊರಿಗೊಂದು ತೂಕವಾಗಿದ್ದ ಕ್ಯಾರಟ್ಟನ್ನು 200 ಮಿಲಿಗ್ರಾಮ್ ಎಂದು ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಭೆ ಒಪ್ಪಿಕೊಂಡದ್ದು 1907ರಲ್ಲಿ.

ಅಂದರೆ ಒಂದು ಗ್ರಾಮಿಗೆ ಐದು ಕ್ಯಾರಟ್. ಒಂದು ಕ್ಯಾರಟ್ಟಿನ ವಜ್ರ ಎರಡು ಗುಲಗಂಜಿಯಷ್ಟೂ ತೂಗುವುದಿಲ್ಲ. ಅಂಗಡಿಯವರು ಅದನ್ನು ಮತ್ತೆ ನೂರು ಭಾಗ ಮಾಡಿ ಒಂದೊಂದನ್ನೂ ಸೆಂಟ್ ಅಥವಾ ಪಾಯಿಂಟ್ ಎನ್ನುತ್ತಾರೆ. ಮೂವತ್ತು ಸೆಂಟ್ ಎಂದರೆ ಕರಾವಳಿಯವರಿಗೆ ಮನೆ ಕಟ್ಟುವಷ್ಟು ನೆಲ. ವಜ್ರದಂಗಡಿಯಲ್ಲಿ ಅದು 60 ಮಿಲಿಗ್ರಾಮ್.

ತೂಕ ಗೊತ್ತಾದರೆ ಗಾತ್ರ ಗೊತ್ತಾಯಿತು ಎಂದುಕೊಳ್ಳುವುದು ಎರಡನೆಯ ತಪ್ಪು. ಉಂಗುರ ತೊಟ್ಟವಳ ಕೈಯನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ನೋಡುವವರಿಗೆ ಕಾಣುವುದು ಕಲ್ಲಿನ ಮುಖ ಮಾತ್ರ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರಟ್ಟಿನ ದುಂಡು ವಜ್ರದ ಅಡ್ಡಳತೆ ಸುಮಾರು ಆರೂವರೆ ಮಿಲಿಮೀಟರ್. ಅರ್ಧ ಕ್ಯಾರಟ್ಟಿನದು ಅದರ ಅರ್ಧವಲ್ಲ, ಐದು ಮಿಲಿಮೀಟರಿಗೂ ತುಸು ಮೇಲೆ. ಕಾಲು ಕ್ಯಾರಟ್ಟಿನದು ನಾಲ್ಕು ಮಿಲಿಮೀಟರ್ ದಾಟುತ್ತದೆ. ತೂಕ ಎರಡು ಪಟ್ಟಾದರೆ ಅಗಲ ಹೆಚ್ಚುವುದು ಕಾಲು ಭಾಗದಷ್ಟೇ, ಏಕೆಂದರೆ ಹೆಚ್ಚಿದ ತೂಕ ಉದ್ದ, ಅಗಲ, ಆಳ ಮೂರಕ್ಕೂ ಹಂಚಿಹೋಗುತ್ತದೆ. ಅದರಲ್ಲಿ ಆಳಕ್ಕೆ ಹೋದದ್ದು ಉಂಗುರದ ಕಟ್ಟಿನೊಳಗೆ ಅಡಗಿ ಕೂರುತ್ತದೆ.

ಬೆಲೆ ಮಾತ್ರ ಈ ಸಂಕೋಚವನ್ನು ಅರಿಯದು. ಚಿನ್ನದಲ್ಲಿ ಹತ್ತು ಗ್ರಾಮಿನ ಬೆಲೆ ಒಂದು ಗ್ರಾಮಿನ ಹತ್ತು ಪಟ್ಟು. ಮೂರನೆಯ ತರಗತಿಯ ಗಣಿತ. ವಜ್ರದಲ್ಲಿ ಹಾಗಿಲ್ಲ. ಅರ್ಧ ಕ್ಯಾರಟ್ಟಿನ ಎರಡು ಕಲ್ಲುಗಳಿಗೆ ಕೊಡುವ ಹಣದಲ್ಲಿ ಅದೇ ಗುಣದ ಒಂದು ಕ್ಯಾರಟ್ಟಿನ ಒಂಟಿ ಕಲ್ಲು ಬರುವುದಿಲ್ಲ, ಬಹಳ ಹೆಚ್ಚು ಕೊಡಬೇಕು. ದೊಡ್ಡ ಕಲ್ಲು ಭೂಮಿಯಲ್ಲಿ ಸಿಗುವುದೇ ಅಪರೂಪ. ವಜ್ರದ ಬೆಲೆ ತೂಕದ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ಲಂಡನ್ನಿನ ಆಭರಣ ವ್ಯಾಪಾರಿ ಡೇವಿಡ್ ಜೆಫ್ರೀಸ್ 1750ರಲ್ಲೇ ಸೂತ್ರ ಕಟ್ಟಿದ್ದ. ವಿಜಯನಗರದ ಅರಸರಿಗೂ ಇದು ಗೊತ್ತಿತ್ತು: 16ನೇ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಂತೆ, ಗಣಿಯ ಸೀಮೆಯನ್ನು ಗುತ್ತಿಗೆಗೆ ಪಡೆದವನು 20 ಮಂಜಾಡಿ ತೂಕ ಮೀರಿದ ವಜ್ರಗಳನ್ನೆಲ್ಲ ಅರಮನೆಗೆ ಒಪ್ಪಿಸಬೇಕಿತ್ತು.

ಇಂದಿನ ಪೇಟೆಯಲ್ಲಿ ಈ ಏರಿಕೆ ನುಣುಪಾದ ಇಳಿಜಾರಲ್ಲ, ಮೆಟ್ಟಿಲು. ಅರ್ಧ, ಮುಕ್ಕಾಲಿನ ಆಸುಪಾಸು, ಒಂದು, ಒಂದೂವರೆ ಎಂಬ ಸಂಖ್ಯೆಗಳಲ್ಲಿ ಬೆಲೆ ಜಿಗಿಯುತ್ತದೆ. 96 ಸೆಂಟಿನ ಕಲ್ಲಿಗೂ ಪೂರಾ ಒಂದು ಕ್ಯಾರಟ್ಟಿನ ಕಲ್ಲಿಗೂ ಅಗಲದ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗ. ಕಣ್ಣಿಗೆ ಕಾಣದ ಈ ಅಂತರಕ್ಕೆ ಕೊಡಬೇಕಾದ ಹಣ ಜೇಬಿಗೆ ಚೆನ್ನಾಗಿಯೇ ಕಾಣುತ್ತದೆ. ಹೀಗಾಗಿ ಕತ್ತರಿಸುವವನಿಗೂ ಆಸೆ ಹುಟ್ಟುತ್ತದೆ. ಒರಟು ಕಲ್ಲಿನಿಂದ ಸರಿಯಾದ ಅಳತೆಗೆ ಇಳಿದರೆ 90 ಸೆಂಟ್ ಆಗುವುದಾದರೆ, ಹೊಟ್ಟೆಯನ್ನು ದಪ್ಪಗೆ ಬಿಟ್ಟು ಒಂದು ಕ್ಯಾರಟ್ಟಿಗೆ ಮುಟ್ಟಿಸುತ್ತಾನೆ. ಅಂಥ ಕಲ್ಲು ಚೀಟಿಯಲ್ಲಿ ಒಂದು ಕ್ಯಾರಟ್, ಬೆರಳ ಮೇಲೆ ಎಂಬತ್ತು ಸೆಂಟ್. ಸಾಲದ್ದಕ್ಕೆ, ಆಳ ಹೆಚ್ಚಾದ ವಜ್ರದಲ್ಲಿ ಮೇಲಿನಿಂದ ಹೊಕ್ಕ ಬೆಳಕು ತಿರುಗಿ ಕಣ್ಣಿಗೆ ಬರದೆ ಕೆಳಗೆ ಸೋರಿಹೋಗುತ್ತದೆ; ನಡುವೆ ಮಂಕು ಕವಿದಂತೆ ಕಾಣುತ್ತದೆ.

ತೂಕ ಉಳಿಸಿಕೊಂಡು ಬೆಳಕು ಕಳೆದುಕೊಳ್ಳುವ ಈ ಕಥೆಗೆ ಪಾಲಹಳ್ಳಿಯ ಎದುರಿಗೇ ನಡೆದ ಪೂರ್ವಾಧ್ಯಾಯವೊಂದಿದೆ. 1847ರಲ್ಲಿ ಗ್ರೋವ್ಸ್ ಎಂಬ ಕಂಪನಿ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿತು. ರೈತರ ಬೆಲ್ಲವನ್ನು ಕೊಂಡು ಶುದ್ಧೀಕರಿಸಿ ಸಕ್ಕರೆ ಮಾಡುವುದು ಅದರ ಕೆಲಸ. ಆ ಹರಳು ಸಕ್ಕರೆಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಬಂದದ್ದನ್ನು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅದೇ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಲು ಹೋದ ಇನ್ನೊಂದು ಹರಳು ಕೊಹಿನೂರ್. ಅಂದಿನ ಲಂಡನ್ ಕ್ಯಾರಟ್ಟಿನಲ್ಲಿ 186, ಇಂದಿನ ಲೆಕ್ಕದಲ್ಲಿ ಸುಮಾರು 191 ಕ್ಯಾರಟ್. ನೋಡಿದವರಿಗೆ ನಿರಾಸೆಯಾಯಿತು. ಗಾಜಿನ ಗುಂಡಿನಂತೆ ಸಪ್ಪೆಯಾಗಿದೆ ಎಂದು ಗೊಣಗಿದರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಕುಶಲಕರ್ಮಿಗಳನ್ನು ಕರೆಸಿ ಅದನ್ನು ಮತ್ತೆ ಕತ್ತರಿಸಲಾಯಿತು. 38 ದಿನಗಳ ಕೆಲಸ. ಶೇ 40ಕ್ಕೂ ಹೆಚ್ಚು ತೂಕ ಪುಡಿಯಾಗಿ ಹೋಗಿ ಉಳಿದದ್ದು 105.6 ಕ್ಯಾರಟ್. ಆ ಕಲ್ಲನ್ನು ಮೊದಲ ಸಲ ಸಾಣೆಗೆ ಒಡ್ಡುವ ಗೌರವ ಸಂದದ್ದು ವೃದ್ಧ ಡ್ಯೂಕ್ ಆಫ್ ವೆಲಿಂಗ್ಟನ್‌ಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೋಟೆಯ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈತ.

ಮಿತ್ರರಿಗೆ ಕೊಹಿನೂರಿನ ಭಾಗ ಹಿಡಿಸಿತು, ಆದರೆ ಅರ್ಥವಾದದ್ದು ಬೆಲ್ಲದ ಭಾಗ. ನೀರಂಶ ಉಳಿದ ಬೆಲ್ಲ ಆಲೆಮನೆಯಲ್ಲಿ ಹೆಚ್ಚು ತೂಗುತ್ತದೆ, ಮಂಡಿಯಲ್ಲಿ ಕಡಿಮೆ ಬೆಲೆ ತರುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಕಾರ್ಖಾನೆಗೆ ಕಬ್ಬು ಸಾಗಿಸುವವರಿಗೂ ಅಷ್ಟೆ: ಸೇತುತಕ್ಕಡಿಯ ಮೇಲೆ ನಿಲ್ಲುವುದು ಟನ್ನು, ಆದರೆ ಕೇಂದ್ರ ಸರ್ಕಾರ ನಿಗದಿಪಡಿಸುವ ದರಕ್ಕೆ ಆಧಾರ ಸಕ್ಕರೆಯ ಇಳುವರಿ. 2022–23ರ ಹಂಗಾಮಿನಲ್ಲಿ ಆ ಮೂಲ ಇಳುವರಿಯನ್ನು ಶೇ 10.25ಕ್ಕೆ ಏರಿಸಲಾಯಿತು.

ತೂಕದ ಮತ್ತೊಂದು ಕಣ್ಕಟ್ಟು ಉಂಟು. ಏಳೆಂಟು ಚಿಕ್ಕ ಹರಳುಗಳನ್ನು ಒತ್ತೊತ್ತಾಗಿ ಕೂರಿಸಿ ‘ಒಟ್ಟು ಅರ್ಧ ಕ್ಯಾರಟ್’ ಎಂದು ಚೀಟಿ ಅಂಟಿಸಿದ ಉಂಗುರಗಳು ಈಗ ಎಲ್ಲೆಡೆ ಇವೆ. ಮಾತು ಸುಳ್ಳಲ್ಲ. ಆದರೆ ಅರ್ಧ ಕ್ಯಾರಟ್ಟಿನ ಒಂಟಿ ಕಲ್ಲಿನ ಬೆಲೆಯನ್ನು ಇದಕ್ಕೆ ಹೋಲಿಸಿ ‘ಅಗ್ಗವಾಯಿತು’ ಎಂದು ಹಿಗ್ಗುವುದು ತಪ್ಪು. ಹಾಗೆಂದು ಒಂಟಿ ದೊಡ್ಡ ಕಲ್ಲೇ ಯಾವಾಗಲೂ ಮೇಲು ಎಂದಲ್ಲ. ವಿಲ್ಕಿ ಕಾಲಿನ್ಸ್‌ನ 1868ರ ಕಾದಂಬರಿ ‘ದಿ ಮೂನ್‌ಸ್ಟೋನ್’ ಆರಂಭವಾಗುವುದೇ ಶ್ರೀರಂಗಪಟ್ಟಣದ ಲೂಟಿಯಿಂದ; ಅಲ್ಲಿಂದ ಕದ್ದೊಯ್ದ ಹಳದಿ ವಜ್ರದ ಒಡಲಲ್ಲಿ ಒಂದು ದೋಷವಿದೆ, ಇಡಿಯಾಗಿ ಮಾರುವುದಕ್ಕಿಂತ ನಾಲ್ಕಾರು ತುಂಡು ಮಾಡಿದರೆ ಹೆಚ್ಚು ಹಣ ಬಂದೀತು ಎಂಬ ಲೆಕ್ಕ ಆ ಕಥೆಯಲ್ಲಿ ಬರುತ್ತದೆ. ಕಾದಂಬರಿಕಾರನಿಗೆ ವ್ಯಾಪಾರವೂ ಗೊತ್ತಿತ್ತು.

ವಜ್ರ ನಮಗೆ ಹೊಸದೇನಲ್ಲ. ಹಳೇ ಮೈಸೂರಿನ ಅನುಕೂಲವಂತರ ಮನೆಗಳಲ್ಲಿ ವಜ್ರದ ಓಲೆ, ಏಳು ಕಲ್ಲಿನ ಬೇಸರಿ ತಾಯಿಯಿಂದ ಮಗಳಿಗೆ ಬರುತ್ತಿದ್ದವು. ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೈನ್ ಗಣಿಯ ಹೆಸರು ಸವೆದು ‘ಬ್ಲೂ ಜಾಗರ್’ ಆಗಿ ಅಜ್ಜಿಯರ ಬಾಯಲ್ಲಿ ನೆಲೆಸಿತ್ತು. ಕಲ್ಲನ್ನು ಕೊಳ್ಳುವ ಮೊದಲು ಮನೆಗೆ ತಂದು ಮೂರು ದಿನ ಇಟ್ಟುಕೊಂಡು, ಆಗಿಬರುತ್ತದೆಯೇ ಎಂದು ನೋಡುವ ವಾಡಿಕೆಯೂ ಇತ್ತು. ಶಕುನದ ಮಾತು ಹಾಗಿರಲಿ. ಮೂರು ದಿನ ಬೇರೆ ಬೇರೆ ಬೆಳಕಿನಲ್ಲಿ ಕಲ್ಲನ್ನು ನೋಡುವ ಅವಕಾಶವನ್ನಂತೂ ಅದು ಕೊಡುತ್ತಿತ್ತು. ಇಂದಿನ ಅಂಗಡಿಯ ಛಾವಣಿಯಲ್ಲಿ ಉರಿಯುವ ದೀಪಗಳ ಕೆಳಗೆ ಗಾಜಿನ ಚೂರೂ ಮಿನುಗುತ್ತದೆ. ನಿಶ್ಚಿತಾರ್ಥಕ್ಕೆ ವಜ್ರದ ಉಂಗುರವೇ ಬೇಕೆಂಬ ಕಡ್ಡಾಯ ಮಾತ್ರ ನಮ್ಮ ಅಜ್ಜಿಯರದಲ್ಲ. ‘ವಜ್ರವೆಂದೆಂದಿಗೂ’ ಎಂಬರ್ಥದ ಜಾಹೀರಾತನ್ನು ಡಿ ಬಿಯರ್ಸ್ ಕಂಪನಿಗಾಗಿ 1947ರಲ್ಲಿ ಅಮೆರಿಕದಲ್ಲಿ ಬರೆಸಲಾಯಿತು. ಅದರ ಅಲೆ ಪಾಲಹಳ್ಳಿ ಮುಟ್ಟಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು.

ಇಲ್ಲಿ ನನ್ನ ಅಳುಕು ಬೇರೆಯದು. ರೈತ ಕುಟುಂಬದಲ್ಲಿ ಸೊಸೆಗೆ ಹಾಕುವ ಒಡವೆ ಅಲಂಕಾರ ಮಾತ್ರವಲ್ಲ, ಕಷ್ಟಕಾಲದ ಬುತ್ತಿ. ಕಬ್ಬಿನ ಹಣ ತಡವಾದಾಗ, ಕೊಳವೆಬಾವಿ ಬತ್ತಿದಾಗ, ಆಸ್ಪತ್ರೆಯ ಖರ್ಚು ಬಂದಾಗ ಬ್ಯಾಂಕಿಗೋ ಸಹಕಾರ ಸಂಘಕ್ಕೋ ಹೋಗುವುದು ಮೊದಲು ಅದೇ. ಅಲ್ಲಿ ಉಂಗುರವನ್ನಿಟ್ಟರೆ ತೂಗುವುದು ಕಲ್ಲಿನ ತೂಕ ಕಳೆದ ಚಿನ್ನವನ್ನು. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿರ್ದೇಶನಗಳೂ ಒಡವೆಯಲ್ಲಿರುವ ಚಿನ್ನದ ಮೌಲ್ಯವನ್ನಷ್ಟೇ ಪರಿಗಣಿಸಬೇಕು, ಹರಳುಗಳ ಬೆಲೆ ಸೇರಿಸಬಾರದು ಎನ್ನುತ್ತವೆ. ಚಿನ್ನದ ದರವನ್ನು ದಿನಪತ್ರಿಕೆಯಲ್ಲಿ ನೋಡಬಹುದು, ಹಾಲ್‌ಮಾರ್ಕ್ ಸಂಖ್ಯೆಯನ್ನು ಮೊಬೈಲಿನಲ್ಲಿ ಪರಿಶೀಲಿಸಬಹುದು. ವಜ್ರಕ್ಕೆ ಅಂಥ ದಿನದ ದರವಿಲ್ಲ. ಕೊಂಡ ಅಂಗಡಿಯೇ ಮರಳಿ ಪಡೆಯುವುದಾದರೂ ಕಡಿತದ ಪ್ರಮಾಣ ಅವರದೇ. ಲಕ್ಷಗಟ್ಟಲೆ ಕೊಟ್ಟ ಕಲ್ಲು ಮನೆಯಲ್ಲಿದ್ದೂ ಒಂದು ಹಂಗಾಮಿನ ಗೊಬ್ಬರಕ್ಕೆ ಒದಗದೆ ಹೋದರೆ, ಅದರ ಕ್ಯಾರಟ್ ಎಷ್ಟಿದ್ದರೇನು?

ಈ ನಡುವೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಬಂದಿದೆ. ಅದೂ ಇಂಗಾಲವೇ, ತೂಕ ಗಾತ್ರಗಳ ಲೆಕ್ಕವೂ ಒಂದೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. 2023ರಲ್ಲಿ ಪ್ರಧಾನಿ ಮೋದಿಯವರು ಅಮೆರಿಕದ ಜಿಲ್ ಬೈಡನ್ ಅವರಿಗೆ ಇಂಥ ಏಳೂವರೆ ಕ್ಯಾರಟ್ಟಿನ ಹಸಿರು ವಜ್ರವನ್ನು ಉಡುಗೊರೆ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ಇದರ ಬೆಲೆ ಕೆಲವೇ ವರ್ಷಗಳಲ್ಲಿ ಕುಸಿದಿದೆ. ಗಣಿಯ ಕಲ್ಲಿಗೆ ಕೊಡುವ ಹಣದ ಚಿಕ್ಕ ಪಾಲಿನಲ್ಲಿ ಒಂದು ಕ್ಯಾರಟ್ ಸಿಗುತ್ತದೆ. ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬಿಲ್ಲಿನಲ್ಲಿ ಅದೆಂದೇ ಬರೆದಿರಬೇಕು, ಮತ್ತು ಮುಂದೆ ಅದು ಹಣ ತಂದೀತೆಂಬ ಭ್ರಮೆ ಇರಬಾರದು. ಅಮೆರಿಕನ್ ಡೈಮಂಡ್ ಎಂದು ಕರೆಯುವ ಕಲ್ಲು ಇದಲ್ಲ. ಅದು ವಜ್ರವೇ ಅಲ್ಲ, ಅಷ್ಟೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ.

ಮಿತ್ರರ ಜೊತೆ ನಾನೂ ಇನ್ನೊಮ್ಮೆ ಮೈಸೂರಿಗೆ ಹೋದೆ. ಈ ಸಲ ಅವರು ಕ್ಯಾರಟ್ ಕೇಳುವ ಮೊದಲು ಮಿಲಿಮೀಟರ್ ಕೇಳಿದರು. ಪ್ರಮಾಣಪತ್ರದಲ್ಲಿ ಅಗಲ, ಆಳದ ಶೇಕಡಾವಾರು, ಕತ್ತರಿಕೆಯ ದರ್ಜೆ ಇದೆಯೇ ನೋಡಿದರು. ದುಂಡು ಕಲ್ಲಿನ ಆಳ ಅಗಲದ ಶೇ 60ರ ಆಸುಪಾಸಿನಲ್ಲಿರಬೇಕೆಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ, ಕೂಲಿ ಮೂರನ್ನೂ ಬಿಲ್ಲಿನಲ್ಲಿ ಬೇರೆಬೇರೆ ಬರೆಸಿದರು. ಎರಡು ಉಂಗುರಗಳನ್ನು ಆರಿಸಿ ಬಾಗಿಲ ಬಳಿಯ ಹಗಲ ಬೆಳಕಿಗೆ ಒಯ್ಯಬೇಕೆಂದಾಗ ಮಾರಾಟದ ಹುಡುಗ ತುಸು ಗಲಿಬಿಲಿಗೊಂಡನಾದರೂ ಜೊತೆಗೆ ಬಂದ. ಅಲ್ಲಿ 70 ಸೆಂಟಿನ ದಪ್ಪ ಕಲ್ಲು ಮಂಕಾಯಿತು, 42 ಸೆಂಟಿನದು ಉರಿಯಿತು. ಎತ್ತರದ ಕಟ್ಟು ಬೇಡ, ಸೀರೆಯ ನೂಲು ಸಿಕ್ಕಿಕೊಳ್ಳುತ್ತದೆ, ಮುದ್ದೆ ಕಟ್ಟುವಾಗ ತೊಡಕು ಎಂದು ಅವರ ಹೆಂಡತಿ ಹೇಳಿದ್ದರಿಂದ ತಗ್ಗಿನ ಕಟ್ಟನ್ನೇ ಆರಿಸಿದ್ದಾಯಿತು. ಉಳಿದ ಹಣಕ್ಕೆ ಹುಡುಗಿಗೆ ಒಂದು ಜೊತೆ ಬಳೆ ಬಂತು. ಮಗ ಮೊದಲು ಮುಖ ಊದಿಸಿಕೊಂಡ. ಉಂಗುರವನ್ನು ಬಿಸಿಲಿಗೆ ಹಿಡಿದು ನೋಡಿದ ಮೇಲೆ ಸುಮ್ಮನಾದ.

ನಿಶ್ಚಿತಾರ್ಥದ ದಿನ ಉಂಗುರ ತೊಡಿಸಿದ್ದಾಯಿತು. ಊಟದ ಪಂಕ್ತಿಯಲ್ಲಿ ಬೀಗರು ಮೆಲ್ಲಗೆ ಕೇಳಿದರು, ‘ಎಷ್ಟು ಕ್ಯಾರಟ್ಟಿಂದು?’ ಮಿತ್ರರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳಿದರು, ‘ಹದಿನೆಂಟು.’ ಉಂಗುರದ ಚಿನ್ನ ಹದಿನೆಂಟೇ ಕ್ಯಾರಟ್ಟಿನದು.