ಹಳೆಯ ಬೈಕಿನ ಬ್ರೇಕ್ ಪೈಪು



ನಮ್ಮ ತಾಳವಾಡಿ ಸೀಮೆಯವರು ಸತ್ಯಮಂಗಲಕ್ಕೋ ಕೊಯಮತ್ತೂರಿಗೋ ಹೋಗಬೇಕಾದರೆ ದಿಂಬಂ ಘಟ್ಟ ಇಳಿಯುತ್ತಾರೆ. ಬಣ್ಣಾರಿ ಅಮ್ಮನ ಗುಡಿ ಮುಟ್ಟುವಷ್ಟರಲ್ಲಿ 27 ಸುರುಳಿ ತಿರುವುಗಳು. ತಮಿಳಿನಲ್ಲಿ ಇದಕ್ಕೆ ‘ಕೊಂಡೈ ಊಸಿ’ ತಿರುವು ಎನ್ನುತ್ತಾರೆ, ಅಂದರೆ ಮುಡಿಗೆ ಸಿಕ್ಕಿಸುವ ಪಿನ್ನಿನ ಹಾಗೆ ಬಾಗಿದ ದಾರಿ. ಎದುರಿನಿಂದ ಕಬ್ಬಿನ ಲಾರಿ ಬಂದರೆ ಬೈಕಿನವನಿಗೆ ಉಳಿಯುವುದು ಎರಡಡಿ ಜಾಗ. ಅಂಥ ಕಡೆ ಬೈಕನ್ನು ನಿಲ್ಲಿಸುವುದು ಒಂದೂವರೆ ಮೊಳದ ಒಂದು ರಬ್ಬರ್ ಪೈಪು. ಅದರ ವಿಷಯವಾಗಿ ಇವತ್ತು ನಾಲ್ಕು ಮಾತು.

ನನ್ನ ತಮ್ಮನ ಮಗನ ಹತ್ತಿರ ಒಂದು ಹೀರೋ ಹೋಂಡಾ ಕರಿಜ್ಮಾ ಇದೆ. ಈ ಬೈಕು 2003ರಲ್ಲಿ ಮಾರುಕಟ್ಟೆಗೆ ಬಂತು. 223 ಸಿ.ಸಿ. ಎಂಜಿನ್ನು, ಮುಂದಿನ ಚಕ್ರಕ್ಕೆ 276 ಮಿಲಿಮೀಟರ್ ಡಿಸ್ಕು, ಹಿಂದಕ್ಕೆ ಡ್ರಮ್ಮು. ದೂರದ ಪ್ರಯಾಣಕ್ಕೆ ಹೋಗುವ ಹುಡುಗರು ಒಂದು ಕಾಲದಲ್ಲಿ ಇದನ್ನೇ ಹುಡುಕಿಕೊಂಡು ಕೊಳ್ಳುತ್ತಿದ್ದರು. ಹಿಂದೆ-ಮುಂದೆ ಚೀಲ ಕಟ್ಟಿ ಲಡಾಖಿನವರೆಗೆ ಹೋಗಿಬಂದವರಿದ್ದಾರೆ. ಇವನದು 2007ರ ಗಾಡಿ. ಕಂಪನಿಯಿಂದ ಬಂದ ಪೈಪು ಹಾಗೆಯೇ ಇತ್ತು. ಒಮ್ಮೆ ಹೆಂಡತಿಯನ್ನು ಕೂರಿಸಿಕೊಂಡು ಘಟ್ಟ ಇಳಿಯುವಾಗ ಅರ್ಧ ದಾರಿಯಲ್ಲಿ ಲಿವರು ಹ್ಯಾಂಡಲ್ಲಿಗೆ ತಾಗುವ ಮಟ್ಟಕ್ಕೆ ಬಂತಂತೆ. ಗೇರು ಇಳಿಸಿ, ಹಿಂದಿನ ಬ್ರೇಕು ತುಳಿದು, ಗುಡ್ಡದ ಬದಿಗೆ ಒರಗಿಸಿ ನಿಲ್ಲಿಸಿದ. ಕಾಲು ಗಂಟೆ ಬಿಟ್ಟು ನೋಡಿದರೆ ಬ್ರೇಕು ಪುನಃ ಹಿಡಿಯುತ್ತಿದೆ! ಮನೆಗೆ ಬಂದವನೇ, ‘ದೊಡ್ಡಪ್ಪ, ಬ್ರೇಕು ಮೆತ್ತಗಾಗೋಯ್ತು, ಆಮೇಲೆ ತಾನೇ ಸರಿಹೋಯ್ತು’ ಅಂದ. ತಾನೇ ಸರಿಹೋಗುವ ಬ್ರೇಕು ಎಲ್ಲಕ್ಕಿಂತ ಅಪಾಯ. ಏಕೆಂದರೆ ಮೆಕ್ಯಾನಿಕ್ ಅಂಗಡಿಗೆ ಒಯ್ದಾಗ ಅದರಲ್ಲಿ ಏನೂ ದೋಷ ಕಾಣುವುದಿಲ್ಲ.

ಇದು ಅರ್ಥವಾಗಬೇಕಾದರೆ ಒಳಗಿನ ವ್ಯವಹಾರ ತಿಳಿಯಬೇಕು. ಹಳೆಯ ಬುಲೆಟ್ಟಿನಲ್ಲಿ ಮುಂದಿನ ಬ್ರೇಕಿಗೆ ಕೇಬಲ್ಲು, ಹಿಂದಕ್ಕೆ ಕಬ್ಬಿಣದ ಸರಳು. ಎಳೆದಷ್ಟು ಹಿಡಿಯುತ್ತಿತ್ತು. ಡಿಸ್ಕ್ ಬ್ರೇಕಿನಲ್ಲಿ ಕೇಬಲ್ಲಿನ ಜಾಗದಲ್ಲಿ ದ್ರವ ಇದೆ. ಹ್ಯಾಂಡಲ್ಲಿನ ಮೇಲಿರುವ ಪುಟ್ಟ ಡಬ್ಬಿಯ ಬುಡದಲ್ಲಿ ಮಾಸ್ಟರ್ ಸಿಲಿಂಡರು. ಲಿವರು ಹಿಡಿದರೆ ಅಲ್ಲಿನ ಸಣ್ಣ ಪಿಸ್ಟನ್ನು ದ್ರವವನ್ನು ತಳ್ಳುತ್ತದೆ. ಆ ಒತ್ತಡ ಪೈಪಿನ ಮೂಲಕ ಇಳಿದು ಚಕ್ರದ ಬಳಿ ಇರುವ ಕ್ಯಾಲಿಪರಿನ ದೊಡ್ಡ ಪಿಸ್ಟನ್ನನ್ನು ತಳ್ಳುತ್ತದೆ, ಅದು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ. ಹೈಸ್ಕೂಲಿನಲ್ಲಿ ಓದಿದ ಪ್ಯಾಸ್ಕಲನ ನಿಯಮ ಇದೇ.

ಒಂದು ಲೆಕ್ಕ ಹಾಕೋಣ. ಬೆರಳಿನ ಬಲ 5 ಕೆ.ಜಿ. ಎನ್ನಿ. ಲಿವರು ಅದನ್ನು ಐದು ಪಟ್ಟು ಮಾಡಿದರೆ 25. ಮೇಲಿನ ಪಿಸ್ಟನ್ನಿನ ವ್ಯಾಸ 12 ಮಿ.ಮೀ., ಕೆಳಗಿನದು 36 ಎಂದಿಟ್ಟುಕೊಂಡರೆ ವ್ಯಾಸ ಮೂರು ಪಟ್ಟು, ವಿಸ್ತೀರ್ಣ ಒಂಬತ್ತು ಪಟ್ಟು. ಆಗ 25 ಕೆ.ಜಿ. ಬಲ 225 ಕೆ.ಜಿ. ಆಗುತ್ತದೆ. ಆದರೆ ಬಡ್ಡಿಯಿಲ್ಲದ ಸಾಲ ಎಲ್ಲಿಯೂ ಇಲ್ಲ. ಬಲ ಒಂಬತ್ತು ಪಟ್ಟು ಸಿಕ್ಕಿದರೆ ದೂರ ಒಂಬತ್ತು ಪಟ್ಟು ತೆರಬೇಕು. ಕೆಳಗಿನ ಪಿಸ್ಟನ್ನು ಕೂದಲೆಳೆಯಷ್ಟು ಸರಿಯಲು ಮೇಲಿನದು ಅದರ ಒಂಬತ್ತರಷ್ಟು ಓಡಬೇಕು. ಹೀಗಿರುವಾಗ ಪೈಪು ನಾಲ್ಕು ಹನಿಯಷ್ಟು ಉಬ್ಬಿಕೊಂಡರೂ, ಒಳಗೆ ಒಂದು ಗಾಳಿಗುಳ್ಳೆ ಸೇರಿದರೂ, ಲಿವರಿನ ಓಟವೆಲ್ಲ ಅದಕ್ಕೇ ಖರ್ಚಾಗಿ ಪ್ಯಾಡಿಗೆ ಏನೂ ತಲುಪುವುದಿಲ್ಲ.

ಇನ್ನು ಶಾಖದ ಲೆಕ್ಕ. ಬೈಕು 150 ಕೆ.ಜಿ., ಇಬ್ಬರು ಸವಾರರು 140, ಸಾಮಾನು 30. ಒಟ್ಟು 320. ಇಷ್ಟು ಭಾರ ವೇಗ ಹೆಚ್ಚಿಸಿಕೊಳ್ಳದೆ 100 ಮೀಟರ್ ಎತ್ತರದಿಂದ ಇಳಿದರೆ ಹುಟ್ಟುವ ಶಾಖ ಒಂದು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು. ದಿಂಬಂ ಘಟ್ಟ 100 ಮೀಟರಿನದಲ್ಲ, ಅದರ ಹಲವು ಪಟ್ಟು. ಎಂಜಿನ್ನು, ಗಾಳಿ ಒಂದಷ್ಟನ್ನು ಹೊತ್ತುಕೊಳ್ಳುತ್ತವೆ, ಉಳಿದದ್ದೆಲ್ಲ ಬ್ರೇಕಿನ ಪಾಲು.

ಬ್ರೇಕಿನ ದ್ರವಕ್ಕೆ ನಾವೆಲ್ಲ ‘ಬ್ರೇಕ್ ಆಯಿಲ್’ ಎನ್ನುತ್ತೇವೆ. ಈ ಹೆಸರೇ ಮೋಸದ್ದು. ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ರಾಸಾಯನಿಕ. ಆಯಿಲ್ ಎಂಬ ಮಾತು ಕೇಳಿ ಮನೆಯಲ್ಲಿದ್ದ ಎಂಜಿನ್ ಆಯಿಲನ್ನೇ ಆ ಡಬ್ಬಿಗೆ ಸುರಿದವರನ್ನು ನಾನು ಬಲ್ಲೆ. ಹಾಗೆ ಮಾಡಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಈ ದ್ರವಕ್ಕೆ ಉಪ್ಪಿನ ಗುಣ, ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಪೈಪಿನ ಗೋಡೆಯ ಮೂಲಕವೂ ವರ್ಷಗಟ್ಟಲೆ ತೇವ ಒಳಗಿಳಿಯುತ್ತದೆ. ಡಾಟ್ 4 ಎಂಬ ಗುರುತಿನ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ನೀರು ಕುಡಿದ ಹಳೆಯ ದ್ರವ ಘಟ್ಟದಲ್ಲಿ ಕ್ಯಾಲಿಪರಿನ ಬಳಿ ಕುದಿದು ಆವಿಯಾಗುತ್ತದೆ. ದ್ರವವನ್ನು ಹಿಚುಕಲಾಗದು, ಆವಿಯನ್ನು ಹಿಚುಕಬಹುದು. ಲಿವರು ಬಿದ್ದುಹೋಗುವುದು ಆಗಲೇ. ತಣ್ಣಗಾದ ಮೇಲೆ ಆವಿ ಪುನಃ ದ್ರವವಾಗಿ ಎಲ್ಲ ಸರಿಯಾದಂತೆ ಕಾಣುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದು.

ಹಾಗಾದರೆ ದ್ರವ ಬದಲಿಸಿದರೆ ಸಾಲದೇ, ಪೈಪು ಏಕೆ ಎಂದು ಕೇಳಬಹುದು. ಪೈಪಿನ ಕಾಯಿಲೆಗಳೇ ಬೇರೆ. ಹೊರಗೆ ರಬ್ಬರು, ನಡುವೆ ನೂಲಿನ ಹೆಣಿಗೆ, ಒಳಗೆ ಇನ್ನೊಂದು ರಬ್ಬರಿನ ಪದರ, ಹೀಗಿರುತ್ತದೆ ಅದರ ರಚನೆ. ಬಿಸಿಲಿಗೆ ಹೊರಪದರ ಬಿರುಕು ಬಿಡುತ್ತದೆ. ಹೆಣಿಗೆ ಸಡಿಲವಾದರೆ ಹಿಡಿದಾಗಲೆಲ್ಲ ಪೈಪು ಉಬ್ಬಿ ಲಿವರು ಯಾವಾಗಲೂ ಸ್ಪಂಜಿನಂತೆ ಇರುತ್ತದೆ, ಘಟ್ಟದಲ್ಲಿ ಮಾತ್ರವಲ್ಲ, ಸಂತೆಬೀದಿಯಲ್ಲೂ. ಒಳಪದರ ಊದಿಕೊಂಡು ದಾರಿ ಕಟ್ಟಿದರೆ ಇನ್ನೊಂದು ವಿಚಿತ್ರ: ಒತ್ತಿದ ದ್ರವ ಕೆಳಗೆ ಹೋಗುತ್ತದೆ, ಬಿಟ್ಟಾಗ ಹಿಂದಕ್ಕೆ ಬರುವುದಿಲ್ಲ. ಬ್ರೇಕು ಹಿಡಿದಂತೆಯೇ ಇದ್ದು ಡಿಸ್ಕು ಕಾಯುತ್ತದೆ, ಮೈಲೇಜು ಬೀಳುತ್ತದೆ. ಮೆಕ್ಯಾನಿಕ್ ಕ್ಯಾಲಿಪರನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಾನೆ, ಕಳ್ಳ ಪೈಪಿನಲ್ಲಿ ಕೂತಿರುತ್ತಾನೆ. ಜಪಾನಿ ಕಂಪನಿಗಳ ಅನೇಕ ಕೈಪಿಡಿಗಳಲ್ಲಿ ದ್ರವವನ್ನು ಎರಡು ವರ್ಷಕ್ಕೊಮ್ಮೆ, ಪೈಪನ್ನು ನಾಲ್ಕು ವರ್ಷಕ್ಕೊಮ್ಮೆ ಬದಲಿಸಲು ಹೇಳಿದೆ. ನಮ್ಮಲ್ಲಿ ಆ ಪುಟ ತೆರೆಯುವವರು ಕಡಿಮೆ.

ಪೈಪಿನಲ್ಲಿ ಎರಡು ಬಗೆ. ಒಂದು ಕಂಪನಿಯ ರಬ್ಬರಿನದು. ಇನ್ನೊಂದು ಒಳಗೆ ಟೆಫ್ಲಾನ್, ಹೊರಗೆ ಸ್ಟೀಲ್ ತಂತಿಯ ಹೆಣಿಗೆ ಇರುವುದು. ಎರಡನೆಯದು ಉಬ್ಬುವುದು ಬಹಳ ಕಡಿಮೆ, ಬಾಳಿಕೆಯೂ ಹೆಚ್ಚು. ಆದರೆ ತಂತಿಯ ಹೆಣಿಗೆ ಅರದ ಹಾಗೆ, ತಾಗಿದ ಕಡೆಯಲ್ಲೆಲ್ಲ ಬಣ್ಣವನ್ನೂ ಅಲ್ಯೂಮಿನಿಯಮ್ಮನ್ನೂ ಸವೆಸುತ್ತದೆ. ಹೊದಿಕೆ ಇರುವಂಥದನ್ನೇ ಆರಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ ಹೊಸ ಅಸಲಿ ರಬ್ಬರ್ ಪೈಪು ನಮ್ಮ ಓಡಾಟಕ್ಕೆ ಧಾರಾಳ ಸಾಕು. ಯಾವುದೋ ಪೈಪನ್ನು ಅಳತೆಗೆ ಕತ್ತರಿಸಿ ಕ್ಲಿಪ್ಪು ಬಿಗಿದು ಕೊಡುವವರ ಬಳಿಗೆ ಮಾತ್ರ ಹೋಗಬೇಡಿ.

ಈಗ ಕೆಲಸ. ಮೊದಲು ಹಳೆಯ ಪೈಪು ಯಾವ ದಾರಿಯಲ್ಲಿ ಹೋಗಿದೆ, ಎಲ್ಲೆಲ್ಲಿ ಕ್ಲಿಪ್ಪು ಇದೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿ. ಈ ದ್ರವ ಬಿದ್ದರೆ ಬಣ್ಣ ಎದ್ದುಬರುತ್ತದೆ, ಬಿದ್ದ ಕೂಡಲೇ ನೀರು ಸುರಿಯಬೇಕು. ಡಬ್ಬಿಯ ಮುಚ್ಚಳದ ಎರಡು ಸ್ಕ್ರೂ ಜಪಾನಿ ಅಳತೆಯವು. ಸವೆದ ಸ್ಕ್ರೂಡ್ರೈವರು ಹಾಕಿ ತಿರುಗಿಸಿದರೆ ತಲೆ ಕಿತ್ತುಹೋಗುತ್ತದೆ. ಸರಿಯಾಗಿ ಕೂರುವುದನ್ನು ಹಾಕಿ, ಮೇಲಿಂದ ಒಂದು ಸಣ್ಣ ಪೆಟ್ಟು ಕೊಟ್ಟು ಬಿಚ್ಚಿ. ಹಳೆಯ ದ್ರವವನ್ನು ಸಿರಿಂಜಿನಲ್ಲಿ ತೆಗೆಯಿರಿ. ಟೀ ಡಿಕಾಕ್ಷನ್ನಿನ ಬಣ್ಣ ಬಂದಿದ್ದರೆ ಆಶ್ಚರ್ಯಪಡಬೇಡಿ.

ಪೈಪಿನ ಎರಡೂ ತುದಿಯಲ್ಲಿ ತೂತು ಕೊರೆದ ಬೋಲ್ಟು ಇರುತ್ತದೆ, ಅದಕ್ಕೆ ಬ್ಯಾಂಜೋ ಬೋಲ್ಟು ಎನ್ನುತ್ತಾರೆ. ಸಾಮಾನ್ಯವಾಗಿ 12ರ ಸ್ಪ್ಯಾನರು. ಪ್ರತಿ ಬೋಲ್ಟಿಗೂ ಪೈಪಿನ ಕಣ್ಣಿನ ಆಚೆಗೊಂದು ಈಚೆಗೊಂದು, ಒಟ್ಟು ನಾಲ್ಕು ವಾಷರು. ತಾಮ್ರ ಮೆದು ಲೋಹ. ಬಿಗಿದಾಗ ಅದು ಚಪ್ಪಟೆಯಾಗಿ ಸಂದನ್ನು ಮುಚ್ಚುತ್ತದೆ. ಒಮ್ಮೆ ಹಿಂಡಿಹೋದದ್ದು ಗಟ್ಟಿಯಾಗಿ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಒಂದು ಅಂಗಡಿಯಲ್ಲಿ ಹೊಸ ಪೈಪಿಗೆ ಹಳೆಯ ವಾಷರನ್ನೇ ಹಾಕಿ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೆಲವು ರೂಪಾಯಿ ಉಳಿತಾಯ, ವಾರದಲ್ಲಿ ಸೋರಿಕೆ. ಹಳೆಯ ವಾಷರು ಕ್ಯಾಲಿಪರಿಗೆ ಅಂಟಿಕೊಂಡಿದ್ದರೆ ಅದರ ಮೇಲೆಯೇ ಹೊಸದನ್ನು ಇಡುವವರೂ ಇದ್ದಾರೆ, ನೋಡಿಕೊಳ್ಳಿ.

ಹೊಸ ಪೈಪನ್ನು ಹಳೆಯದರ ಪಕ್ಕ ಹಿಡಿದು ಉದ್ದವನ್ನೂ ತುದಿಯ ಬಾಗನ್ನೂ ತಾಳೆ ಮಾಡಿ. ಬೋಲ್ಟನ್ನು ಮೊದಲು ಬೆರಳಿನಲ್ಲೇ ಹತ್ತಿಸಿ, ಸ್ಪ್ಯಾನರು ಆಮೇಲೆ. ಎದುರು ಇರುವುದು ಅಲ್ಯೂಮಿನಿಯಮ್ ಮರೆ, ಅಡ್ಡ ಹತ್ತಿದರೆ ಕ್ಯಾಲಿಪರೇ ಹೋಯಿತು. ಹೋಂಡಾ ವಂಶದ ಅನೇಕ ಬೈಕುಗಳಿಗೆ ಈ ಬೋಲ್ಟಿನ ಬಿಗಿ 34 ನ್ಯೂಟನ್ ಮೀಟರ್, ಅಂದರೆ ಒಂದಡಿ ಉದ್ದದ ಹಿಡಿಯ ತುದಿಗೆ ಸುಮಾರು 11 ಕೆ.ಜಿ. ಎಳೆತ. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಪ್ರಮಾಣ. ಪೂರ್ತಿ ಬಿಗಿಯುವ ಮೊದಲು ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ಕೊನೆಯವರೆಗೆ ತಿರುಗಿಸಿ, ಫೋರ್ಕನ್ನು ಒತ್ತಿ ಬಿಟ್ಟು ನೋಡಿ. ಪೈಪು ಎಲ್ಲಿಯೂ ಎಳೆಯಬಾರದು, ಮಡಿಸಬಾರದು, ಟಯರಿಗೆ ತಾಗಬಾರದು.

ಗಾಳಿ ತೆಗೆಯುವುದೇ ಇಲ್ಲಿ ತಾಳ್ಮೆಯ ಕೆಲಸ. ಮುಚ್ಚಳದ ಮೇಲೆ ಬರೆದಿರುವ ಡಾಟ್ ಸಂಖ್ಯೆಯ ದ್ರವವನ್ನು, ಸೀಲು ಒಡೆಯದ ಡಬ್ಬಿಯಿಂದಲೇ ತುಂಬಿ. ಕ್ಯಾಲಿಪರಿನ ಬ್ಲೀಡ್ ನಿಪ್ಪಲಿಗೆ 8ರ ರಿಂಗ್ ಸ್ಪ್ಯಾನರು ಸಿಕ್ಕಿಸಿ, ಪಾರದರ್ಶಕ ಟ್ಯೂಬು ಹಾಕಿ, ಅದರ ಇನ್ನೊಂದು ತುದಿ ಸ್ವಲ್ಪ ದ್ರವ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಲಿವರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ ಮುಚ್ಚಬೇಕು. ಮುಚ್ಚಿದ ಮೇಲೆಯೇ ಲಿವರು ಬಿಡಬೇಕು. ಈ ಕ್ರಮ ತಪ್ಪಿದರೆ ಹೋದ ಗಾಳಿ ಮರಳಿ ಬರುತ್ತದೆ. ಮೇಲಿನ ಡಬ್ಬಿ ಒಮ್ಮೆಯೂ ಬರಿದಾಗಬಾರದು. ಪೈಪು ಖಾಲಿಯಿದ್ದುದರಿಂದ ಮೊದಲ ಅರ್ಧ ಗಂಟೆ ಲಿವರಿನಲ್ಲಿ ಏನೂ ಹಿಡಿತ ಬರದೆ ಬೇಸರವಾಗಬಹುದು. ಗಾಳಿ ಮೇಲಕ್ಕೇರುವ ವಸ್ತು, ನಾವು ಅದನ್ನು ಕೆಳಗೆ ಎಳೆಯುತ್ತಿದ್ದೇವೆ ಎಂಬುದು ನೆನಪಿರಲಿ. ಆದ್ದರಿಂದ ಪೈಪನ್ನು ಬೆರಳಿನಿಂದ ಮೀಟುತ್ತಾ ಹೋಗಿ. ಕೊನೆಯ ಗುಳ್ಳೆ ಬಹಳ ಸಲ ಮೇಲಿನ ಬ್ಯಾಂಜೋ ಬೋಲ್ಟಿನ ಕಮಾನಿನಲ್ಲಿ ಅಡಗಿರುತ್ತದೆ. ಅಲ್ಲಿ ಹಳೆಯ ಬನಿಯನ್ ಬಟ್ಟೆ ಸುತ್ತಿ, ಲಿವರು ಹಿಡಿದಿರುವಾಗಲೇ ಬೋಲ್ಟನ್ನು ತುಸು ಸಡಿಲಿಸಿ ಬಿಗಿದರೆ ಚುಸ್ ಎಂದು ಹೊರಬರುತ್ತದೆ. ಆ ಬೋಲ್ಟಿಗೆ ಕೈಪಿಡಿಯ ಬಿಗಿಯನ್ನು ಮತ್ತೊಮ್ಮೆ ಕೊಡಬೇಕು. ಇಷ್ಟಾದರೂ ಮೆತ್ತಗಿದ್ದರೆ ಲಿವರನ್ನು ಹ್ಯಾಂಡಲ್ಲಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಒಮ್ಮೆ ಗಾಳಿ ತೆಗೆದು ನೋಡಿ.

2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಮಾರುವ 125 ಸಿ.ಸಿ.ಗೆ ಮೇಲ್ಪಟ್ಟ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅಂಥ ಗಾಡಿಯಲ್ಲಿ ಪೈಪುಗಳ ನಡುವೆ ಇನ್ನೊಂದು ಯಂತ್ರ ಕೂತಿರುತ್ತದೆ. ಅದನ್ನು ಮನೆಯಂಗಳದಲ್ಲಿ ಬಿಚ್ಚುವುದು ಬೇಡ.

ಕೆಲಸ ಮುಗಿದ ಮೇಲೆ ಲಿವರನ್ನು ಬಲವಾಗಿ ಒಂದು ನಿಮಿಷ ಹಿಡಿಯಿರಿ. ನಿಧಾನವಾಗಿ ಕುಸಿದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲು ಹೋಗಿದೆ. ಎರಡೂ ಬೋಲ್ಟಿನ ಸುತ್ತ ಒಣ ಕಾಗದ ಒತ್ತಿ ನೋಡಿ. ಆಮೇಲೆ ಮಟ್ಟಸವಾದ ದಾರಿಯಲ್ಲಿ ನಡಿಗೆಯ ವೇಗದಲ್ಲಿ ಹತ್ತು ಸಲ ಹಿಡಿದು ಬಿಟ್ಟು ಪರೀಕ್ಷಿಸಿ. ನಮ್ಮ ಹುಡುಗ ಮೊದಲ ದಿನವೇ ದಿಂಬಮ್ಮಿಗೆ ಹೊರಟಿದ್ದ, ನಾನು ಬೀಗದಕೈ ಕೊಡಲಿಲ್ಲ. ಎರಡು ದಿನ ಊರೊಳಗೆ ಓಡಿಸಿ, ಬೋಲ್ಟು ಒಣಗಿಯೇ ಇದೆ ಎಂದು ಕಂಡ ಮೇಲೆ ಹೋದ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿಗೆ ಭಾರ ಹೊರಿಸಿ, ಬ್ರೇಕನ್ನು ತಿರುವಿಗೆ ಮುಂಚೆ ಹಿಡಿದು ಬಿಡಬೇಕೇ ಹೊರತು ಉದ್ದಕ್ಕೂ ಹಿಡಿದುಕೊಂಡೇ ಹೋಗಬಾರದು ಎಂದು ಹೇಳಿ ಕಳಿಸಿದೆ.

ಡಬ್ಬಿಯಲ್ಲಿ ಉಳಿದ ದ್ರವವನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ, ತೆರೆದ ಡಬ್ಬಿ ಆಗಲೇ ತೇವ ಕುಡಿಯತೊಡಗಿರುತ್ತದೆ. ತೆಗೆದ ಹಳೆಯದನ್ನು ಹೊಲಕ್ಕೋ ಬಾವಿಯ ಬದಿಗೋ ಚೆಲ್ಲದೆ ಬಾಟಲಿಯಲ್ಲಿ ಮುಚ್ಚಿ ಗ್ಯಾರೇಜಿಗೆ ಕೊಡಿ. ಬಿಚ್ಚಿದ ಪೈಪನ್ನು ಕತ್ತರಿಸಿ ಎರಡು ತುಂಡು ಮಾಡಿಬಿಡಿ. ಇಡಿಯಾಗಿ ಬಿಸಾಡಿದರೆ ಯಾರೋ ಎತ್ತಿಕೊಂಡು ಹೋಗಿ ಇನ್ನೊಂದು ಗಾಡಿಗೆ ಹಾಕುತ್ತಾರೆ.